ಹುಳದ ಪರವಾಗಿ ನಾಲ್ಕು ಮಾತು

ಚಿಟ್ಟೆ ಬಂದರೆ ಫೋಟೋ, ಹುಳ ಬಂದರೆ ಪೊರಕೆ. ಯಾರೂ ಬರೆದಿಡದಿದ್ದರೂ ನಮ್ಮ ಬೀದಿಯವರೆಲ್ಲ ಚಾಚೂ ತಪ್ಪದೆ ಪಾಲಿಸುವ ಕಾನೂನು ಇದು. ದಾಸವಾಳದ ಮೇಲೆ ಕಪ್ಪು ರೆಕ್ಕೆಯ ಚಿಟ್ಟೆ ಕೂತರೆ ಮನೆಮಂದಿಯೆಲ್ಲ ಮೊಬೈಲು ಹಿಡಿದು ಹೊರಗೆ ಬರುತ್ತಾರೆ. ಅದೇ ಚಿಟ್ಟೆ ಕೆಲವು ವಾರಗಳ ಹಿಂದೆ ಕರಿಬೇವಿನ ಗಿಡದಲ್ಲಿ ತೆವಳುತ್ತಿದ್ದಾಗ ಅದರ ಒಡಹುಟ್ಟಿದವರ ಮೇಲೆ ಬೂದಿ ಎರಚಿದ್ದು, ಸೋಪಿನ ನೀರು ಹೊಡೆದದ್ದು, ಕಡ್ಡಿಯಲ್ಲಿ ಕಿತ್ತು ಚರಂಡಿಗೆ ಎಸೆದದ್ದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಮಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಕರಿಬೇವಿನ ಬುಡ ಅವರ ಕಡೆ, ಒಳ್ಳೊಳ್ಳೆಯ ರೆಂಬೆಗಳೆಲ್ಲ ನಮ್ಮ ಕಡೆ. ನೀರು ಅವರು ಹಾಕುತ್ತಾರೆ, ಒಗ್ಗರಣೆ ನಾವು ಹಾಕುತ್ತೇವೆ. ಆ ಮನೆಯವರನ್ನು ಇಡೀ ಬೀದಿ ಅಕ್ಕ ಎನ್ನುತ್ತದೆ. ನಾನೂ ಹಾಗೆಯೇ ಕರೆಯುವುದು. ಮಳೆಗಾಲ ಹಿಡಿದು ಗಿಡ ಚಿಗುರಿ ನಿಂತಿತ್ತು. ಅಕ್ಕ ಒಂದು ಎಸಳು ಮುರಿದು ಕೊಡುತ್ತ, “ತೊಳೆದು ಹಾಕ್ಕೊಳ್ಳಿ, ಯಾವ್ದೋ ಹಕ್ಕಿ ಗಲೀಜು ಮಾಡಿದೆ” ಅಂದರು.

“ಅಕ್ಕಾ, ಆ ಗಲೀಜು ಎಲೆ ತಿಂತಾ ಇದೆ ನೋಡಿ” ಅಂದೆ.

ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಂದು ಮೈ, ನಡುವೆ ಬಿಳಿ ಪಟ್ಟೆ, ಹಸಿಹಸಿಯಾದ ಹೊಳಪು. ಹಕ್ಕಿ ಹಿಕ್ಕೆಯ ಬಣ್ಣ ಮಾತ್ರವಲ್ಲ, ಅದು ಎಲೆಯ ಮೇಲೆ ಬಿದ್ದುಕೊಂಡಿರುವ ಸೋಮಾರಿ ಭಂಗಿಯೂ ತದ್ರೂಪ. ಹುಳ ಹುಡುಕಿಕೊಂಡು ಬಂದ ಹಕ್ಕಿ ಹಿಕ್ಕೆಯನ್ನು ಕಂಡು ಮುಂದೆ ಹೋಗುತ್ತದೆ. ಹಿಕ್ಕೆ ತಿನ್ನಲೆಂದು ಅದು ಬಂದಿಲ್ಲವಲ್ಲ.

“ಥೂ, ಕಂಬಳಿಹುಳ! ಮುಟ್ಟಬೇಡಿ, ತುರಿಕೆ ಬರುತ್ತೆ.”

ಇದಕ್ಕೆ ಕಂಬಳಿಯೂ ಇಲ್ಲ, ತುರಿಕೆಯೂ ಇಲ್ಲ. ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಮರಿ ಇದು. ಇದರ ಹೆಣ್ಣುಗಳು ಎಲ್ಲವೂ ಒಂದೇ ರೂಪದವಲ್ಲ. ಒಂದು ಬಗೆಯದು ಗಂಡಿನಂತೆಯೇ ಇದ್ದರೆ, ಇನ್ನೊಂದು ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯ ವೇಷದ್ದು, ಮತ್ತೊಂದು ಕ್ರಿಮ್ಸನ್ ರೋಸ್ ವೇಷದ್ದು. ಒಂದು ಗಂಡಿಗೆ ಬಗೆಬಗೆಯ ಹೆಂಡಿರು ಅಂದುಕೊಂಡ ಬ್ರಿಟಿಷರು, ಆ ಕಾಲಕ್ಕೆ ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಮಾರ್ಮನ್ ಪಂಥದ ಹೆಸರನ್ನು ಇದಕ್ಕೆ ಅಂಟಿಸಿದರು. ಇದರ ನೆಂಟನಾದ ಲೈಮ್ ಚಿಟ್ಟೆಯ ಹುಳವೂ ಇದೇ ಗಿಡಗಳಲ್ಲಿ, ಹೆಚ್ಚುಕಡಿಮೆ ಇದೇ ವೇಷದಲ್ಲಿ ಸಿಗುತ್ತದೆ.

ತಾಯಿ ಚಿಟ್ಟೆ ಇಷ್ಟೊಂದು ಗಿಡಗಳ ನಡುವೆ ಕರಿಬೇವನ್ನೇ ಹೇಗೆ ಹುಡುಕಿತು ಎಂದು ಅಕ್ಕ ಕೇಳಿದರು. ವಾಸನೆ ಹಿಡಿದು ಬರುತ್ತದೆ, ಬಂದು ಮುಂಗಾಲಿನಿಂದ ಎಲೆಯನ್ನು ಟಪಟಪ ಬಡಿಯುತ್ತದೆ. ಚಿಟ್ಟೆಗೆ ರುಚಿ ತಿಳಿಯುವ ಕೂದಲುಗಳು ಕಾಲಿನಲ್ಲೂ ಇವೆ. ಎಲೆಯ ರಸ ನಿಂಬೆ, ಕಿತ್ತಳೆ, ಚಕ್ಕೋತ, ಬಿಲ್ವ, ಕರಿಬೇವುಗಳ ಕುಟುಂಬದ್ದೇ ಎಂದು ಕಾಲು ಒಪ್ಪಿದ ಮೇಲೆ ಎಳೆ ಚಿಗುರಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಹಾರುತ್ತದೆ. ಗಾತ್ರ ಸುಮಾರು 1 ಮಿಲಿಮೀಟರ್, ತಿಳಿ ಹಳದಿ ಗುಂಡು. ಹೆಚ್ಚೆಂದರೆ ಐದಾರು ದಿನ. ಒಳಗಿನಿಂದ ಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಚಿಪ್ಪನ್ನೇ.

ಸೊಪ್ಪು ಕೀಳುವುದನ್ನು ಬಿಟ್ಟು ಇಬ್ಬರೂ ಕಾಂಪೌಂಡಿಗೆ ಒರಗಿದೆವು. ಕುಕ್ಕರು ಎರಡು ಕೂಗು ಹಾಕಿ ಸುಮ್ಮನಾಯಿತು.

ಹುಳ ತಿನ್ನುವುದನ್ನು ನೋಡುವುದೇ ಒಂದು ಚಂದ. ನಮ್ಮ ದವಡೆ ಮೇಲೆ ಕೆಳಗೆ ಆಡಿದರೆ ಅದರ ದವಡೆ ಎಡಕ್ಕೆ ಬಲಕ್ಕೆ ಆಡುತ್ತದೆ. ಎಲೆಯ ಅಂಚನ್ನು ಮುಂಗಾಲುಗಳ ನಡುವೆ ಸಿಕ್ಕಿಸಿಕೊಂಡು, ತಲೆಯನ್ನು ಮೇಲಿಂದ ಕೆಳಗೆ ಬಿಲ್ಲಿನ ಆಕಾರದಲ್ಲಿ ತರುತ್ತ ಕತ್ತರಿಸುತ್ತದೆ. ಕೆಳಗೆ ಮುಟ್ಟಿದ ಮೇಲೆ ತಲೆ ಎತ್ತಿ ಮತ್ತೆ ಮೇಲಿಂದ ಶುರು. ತಲೆಯ ಎರಡೂ ಬದಿಗೆ ಆರಾರು ಪುಟ್ಟ ಚುಕ್ಕೆಗಣ್ಣು. ಹನ್ನೆರಡು ಕಣ್ಣಿದ್ದೂ ಕಾಣುವುದು ಬೆಳಕು, ಕತ್ತಲು, ಮಸುಕು ಆಕಾರ, ಅಷ್ಟೇ. ಎಲೆಯ ಮೇಲೆಯೇ ಹುಟ್ಟಿದವನಿಗೆ ದೂರದೃಷ್ಟಿ ಯಾಕೆ ಬೇಕು?

ಕಾಲಿನ ಲೆಕ್ಕದಲ್ಲಿ ಅಕ್ಕನಿಗೂ ನನಗೂ ಸಣ್ಣ ಜಗಳ ಆಯಿತು. ಕೀಟಕ್ಕೆ ಆರೇ ಕಾಲು ಅಂತ ಮೊಮ್ಮಗನ ಪುಸ್ತಕದಲ್ಲಿ ಓದಿದ್ದ ಅಕ್ಕ, “ಇದಕ್ಕೆ ಹದಿನಾರು ಇದೆಯಲ್ಲ?” ಅಂತ ಹಿಡಿದರು. ಪುಸ್ತಕವೂ ಸರಿ, ಅಕ್ಕನೂ ಸರಿ. ಎದೆಯ ಭಾಗದಲ್ಲಿರುವ ಮೂರು ಜೊತೆ ಮಾತ್ರ ಅಸಲಿ ಕಾಲು. ಕೀಲು, ಉಗುರು ಎಲ್ಲ ಇರುವಂಥವು. ಮುಂದೆ ಚಿಟ್ಟೆಗೆ ದಕ್ಕುವುದು ಇವೇ. ಹೊಟ್ಟೆಯ ಕೆಳಗಿನ ಐದು ಜೊತೆ ಮೆತ್ತನೆಯ ಮಾಂಸದ ಗೂಟಗಳು, ಹುಳದ ಬಾಳು ಮುಗಿದ ದಿನವೇ ಅವುಗಳ ಕೆಲಸವೂ ಮುಗಿಯಿತು. ಆದರೆ ಗಾಳಿ ಬೀಸಿದಾಗ ಹುಳವನ್ನು ರೆಂಬೆಗೆ ಕಚ್ಚಿ ಹಿಡಿಯುವುದು ಈ ಗೂಟಗಳೇ. ಒಂದೊಂದರ ತುದಿಯಲ್ಲೂ ಸಣ್ಣ ಕೊಕ್ಕೆಗಳ ಸಾಲಿದೆ. ಹುಳವನ್ನು ಎಳೆದು ಕೀಳಹೋದರೆ ಎಲೆ ಹರಿದುಬರುತ್ತದೆಯೇ ಹೊರತು ಹುಳ ಬಿಡುವುದಿಲ್ಲ. ಎತ್ತಲೇಬೇಕೆಂದರೆ ಎಲೆಯ ಸಮೇತ ಎತ್ತಿ.

ಇನ್ನು ನಡಿಗೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ತಂಬಾಕಿನ ಗಿಡದ ಹುಳವೊಂದನ್ನು ನಡೆಯಲು ಬಿಟ್ಟು, ಪ್ರಬಲ ಎಕ್ಸ್-ರೇಯಲ್ಲಿ ಅದರ ಒಳಗನ್ನು ಚಿತ್ರೀಕರಿಸಿ 2010ರಲ್ಲಿ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಹುಳ ಹೆಜ್ಜೆ ಇಡುವಾಗ ಒಳಗಿನ ಕರುಳು ಮೊದಲು ಮುಂದಕ್ಕೆ ಸರಿಯುತ್ತದೆ. ಅದರ ಸುತ್ತಲಿನ ಮೈ ಮತ್ತು ಕಾಲುಗಳು ಆಮೇಲೆ ಬಂದು ಸೇರುತ್ತವೆ. ಹೊಟ್ಟೆ ಮುಂದೆ, ಕಾಲು ಹಿಂದೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕಿದ ಸುದ್ದಿ ಬಂದಾಗ ನಮ್ಮ ಕಡೆಯ ನೆಂಟರು ಹೊರಡುವುದೂ ಹೀಗೆಯೇ. ಇದನ್ನು ಹೇಳಿದ್ದೇ ಅಕ್ಕನಿಗೆ ಹುಳದ ಮೇಲೆ ಮೊದಲ ಸಲ ಕೊಂಚ ಪ್ರೀತಿ ಬಂತು.

ಒಳಗಿನ ಸಂಸಾರವೂ ಸಣ್ಣದಲ್ಲ. ನೆದರ್‌ಲ್ಯಾಂಡಿನ ಹೇಗ್ ನಗರದಲ್ಲಿ ಪೀಟರ್ ಲಿಯೊನೆ ಎಂಬೊಬ್ಬ ವಕೀಲನಿದ್ದ. ಹೊಟ್ಟೆಪಾಡಿಗೆ ಸರಕಾರದ ಗುಪ್ತ ಲಿಪಿಗಳನ್ನು ಬಿಡಿಸುವ ಕೆಲಸ, ಖುಷಿಗೆ ಹುಳ. ವಿಲ್ಲೋ ಮರ ಕೊರೆಯುವ ಒಂದೇ ಜಾತಿಯ ಹುಳವನ್ನು ಕೊಯ್ದು ಕೊಯ್ದು ನೋಡಿ, ತಾನೇ ತಾಮ್ರದ ಹಾಳೆಗಳ ಮೇಲೆ ಚಿತ್ರ ಕೊರೆದು, 1760ರಲ್ಲಿ ದಪ್ಪನೆಯ ಪುಸ್ತಕ ತಂದ. ಅವನು ಎಣಿಸಿದ ಸ್ನಾಯುಗಳು ನಾಲ್ಕು ಸಾವಿರಕ್ಕೂ ಹೆಚ್ಚು! ಮನುಷ್ಯನ ಮೈಯಲ್ಲಿರುವುದು ಆರುನೂರು ಚಿಲ್ಲರೆ. ಎಲುಬಿಲ್ಲದ ಮೈ ನಡೆಯಬೇಕು, ಬಾಗಬೇಕು, ಹಿಡಿಯಬೇಕು ಎಂದರೆ ಅಷ್ಟು ಬೇಕೇ ಬೇಕು. ಹೃದಯ ಬೆನ್ನಿನುದ್ದಕ್ಕೂ ಹಾದ ಒಂದು ಕೊಳವೆ, ನರದ ಹುರಿ ಹೊಟ್ಟೆಯ ಕಡೆ. ನಮ್ಮದಕ್ಕೆ ಪೂರಾ ತಿರುಗುಮುರುಗು. ಮೂಗಿಲ್ಲ. ಮೈಯ ಎರಡು ಬದಿಗೆ ಒಂಬತ್ತೊಂಬತ್ತು ಉಸಿರುರಂಧ್ರ, ಒಳಗೆ ಕವಲೊಡೆದ ಗಾಳಿಯ ನಾಳಗಳು. ಉಸಿರನ್ನು ಈ ನಾಳಗಳೇ ಮೂಲೆಮೂಲೆಗೂ ಮುಟ್ಟಿಸುವುದರಿಂದ ರಕ್ತಕ್ಕೆ ಆ ಹೊರೆ ಇಲ್ಲ, ಕೆಂಪಾಗುವ ದರ್ದೂ ಇಲ್ಲ. ಹುಳವನ್ನು ಮೆಟ್ಟಿದಾಗ ಹಸಿರು ರಸ ಚಿಮ್ಮುತ್ತದಲ್ಲ, ಅದರಲ್ಲಿ ಎಲೆಯೂ ಇದೆ, ರಕ್ತವೂ ಇದೆ.

ಎರಡು ದಿನ ಬಿಟ್ಟು ನೋಡಿದರೆ ಹುಳ ತಿನ್ನುವುದನ್ನು ನಿಲ್ಲಿಸಿ ಮಂಕಾಗಿ ಕೂತಿತ್ತು. ಕಾಯಿಲೆ ಬಿತ್ತೇನೋ ಅಂದೆ. ಅಕ್ಕ ಕಾಂಪೌಂಡಿನ ಆಚೆಯಿಂದ ಒಂದೇ ಕಣ್ಣು ಹಾಯಿಸಿ ಅಂದರು: “ಕಾಯಿಲೆ ಅಲ್ಲ ಬಿಡಿ, ಜ್ವರಕ್ಕೆ ಕೂತಿದೆ. ನಾಳೆ ಎದ್ದೇಳುತ್ತೆ.”

ಅಕ್ಕನ ತವರು ಕೊಳ್ಳೇಗಾಲದ ಕಡೆ. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ರೇಷ್ಮೆಯವರ ಮಾತಿನಲ್ಲಿ ಹುಳ ಪೊರೆ ಕಳಚಲು ಸುಮ್ಮನೆ ಕೂರುವುದೇ ‘ಜ್ವರ’. ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ದಾಟಿ ಐದನೇ ಹಂತಕ್ಕೆ ಬಂದ ಹುಳ ಹಗಲು ರಾತ್ರಿ ಎನ್ನದೆ ಹಿಪ್ಪುನೇರಳೆ ಸೊಪ್ಪು ಮೇಯುತ್ತದೆ. ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕಡೆಯ ಹಂತದಲ್ಲೇ ಖರ್ಚು. ಮೊಟ್ಟೆಯಿಂದ ಬಂದಾಗಿನ ತೂಕದ ಸುಮಾರು 10,000 ಪಟ್ಟು ಬೆಳೆದು, ‘ಹಣ್ಣಾಗಿ’, ಚಂದ್ರಿಕೆ ಎಂಬ ತಟ್ಟಿ ಏರಿ ಗೂಡು ಕಟ್ಟುತ್ತದೆ. ಚಪ್ಪಲಿ ಬಿಟ್ಟು ಕೈಕಾಲು ತೊಳೆಯದೆ ಹುಳದ ಮನೆಯೊಳಗೆ ಕಾಲಿಡುವಂತಿರಲಿಲ್ಲ, ಅಪರಿಚಿತರನ್ನು ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ ಎಂದು ಅಕ್ಕ ಕಣ್ಣರಳಿಸಿ ಹೇಳಿದರು. “ಅಮ್ಮ ನಮಗೆ ಊಟ ಹಾಕೋದು ತಡ ಮಾಡಿದ್ರೂ ಮಾಡೋರು, ಹುಳಕ್ಕೆ ಸೊಪ್ಪು ಹಾಕೋದು ಮಾತ್ರ ತಡ ಮಾಡ್ತಿರಲಿಲ್ಲ.”

ಆ ಹುಳಕ್ಕೆ ಅಷ್ಟು ಮರ್ಯಾದೆ ಮಾಡಿದ ಕೈಯೇ ಈ ಹುಳಕ್ಕೆ ಪೊರಕೆ ಹಿಡಿಯಿತಲ್ಲ ಅಕ್ಕ ಎಂದು ಕೇಳಿದೆ. ನಕ್ಕರು. “ಅದು ನೂಲು ಕೊಡುತ್ತೆ, ಇದು ಏನು ಕೊಡುತ್ತೆ?” ವಾದದಲ್ಲಿ ಅವರದೇ ಮೇಲುಗೈ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕರಿಬೇವಿನ ಹುಳಕ್ಕೆ ಯಾರೂ ಹರಾಜು ಕೂಗುವುದಿಲ್ಲ. ಅಂಗರಚನೆಯಲ್ಲಿ ಮಾತ್ರ ಇಬ್ಬರೂ ಹತ್ತಿರದ ನೆಂಟರೇ. ಇದಕ್ಕೂ ಕೆಳತುಟಿಯಲ್ಲಿ ನೂಲು ಬಿಡುವ ಕೊಳವೆ ಇದೆ, ಇದಕ್ಕೂ ನಾಲ್ಕು ಜ್ವರ.

ಜ್ವರ ಬಿಡುವ ಹೊತ್ತು ಕಣ್ಣ ಮುಂದೆ ನಡೆದರೆ ಅದು ಪುಣ್ಯ. ಹಳೆಯ ತಲೆಯ ಹಿಂದೆ ಹೊಸ ತಲೆ ಆಗಲೇ ಉಬ್ಬಿರುತ್ತದೆ. ಕುತ್ತಿಗೆಯ ಹತ್ತಿರ ಚರ್ಮ ಬಿರಿದು, ಹುಳ ಮೈ ಅಲೆಯಲೆಯಾಗಿ ಹಿಂಡುತ್ತ ಮುಂದೆ ಬರುತ್ತದೆ. ಪೊರೆ ಹಿಂದಕ್ಕೆ ಸರಿದು ಬಾಲದಲ್ಲಿ ಮುದುಡಿಕೊಳ್ಳುತ್ತದೆ. ಹಳೆಯ ಮುಖವಾಡ ಟಪ್ಪನೆ ಕೆಳಗೆ ಬೀಳುತ್ತದೆ. ಕೊಂಚ ಸುಧಾರಿಸಿಕೊಂಡ ಹುಳ ಹಿಂದಕ್ಕೆ ತಿರುಗಿ ಪೊರೆಯನ್ನೇ ತಿಂದು ಮುಗಿಸುತ್ತದೆ. ಗಟ್ಟಿ ಮುಖವಾಡವನ್ನು ಮಾತ್ರ ಮುಟ್ಟುವುದಿಲ್ಲ.

ಆ ಮುಖವಾಡಗಳನ್ನು ಹೆಕ್ಕಿ ಅಳೆದವನೊಬ್ಬನಿದ್ದ, ಹ್ಯಾರಿಸನ್ ಡಯರ್. ಒಂದೊಂದು ಪೊರೆಗೂ ತಲೆಯ ಅಗಲ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಬೆಳೆಯುತ್ತದೆ ಎಂದು 1890ರಲ್ಲಿ ಹೇಳಿದ. ಕೀಟಶಾಸ್ತ್ರದವರು ಇವತ್ತಿಗೂ ಅದನ್ನು ಡಯರ್ ನಿಯಮ ಎನ್ನುತ್ತಾರೆ. ಮನುಷ್ಯ ಅದಕ್ಕಿಂತ ಸ್ವಾರಸ್ಯದವನು. ವಾಷಿಂಗ್ಟನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಚಿಟ್ಟೆ ಪತಂಗಗಳ ಉಸ್ತುವಾರಿ ಅವನದು. 1924ರಲ್ಲಿ ನಗರದ ಬೀದಿಯೊಂದರ ಹಿಂದೆ ಲಾರಿಯ ಚಕ್ರ ನೆಲದೊಳಗೆ ಕುಸಿದು, ಕೆಳಗೆ ಸುರಂಗಗಳು ಪತ್ತೆಯಾದವು. ಗೂಢಚಾರರು, ಕಳ್ಳಬಟ್ಟಿಯವರು ಎಂದೆಲ್ಲ ಪತ್ರಿಕೆಗಳು ಗುಲ್ಲೆಬ್ಬಿಸಿದ ಮೇಲೆ ಡಯರ್ ಮುಂದೆ ಬಂದು, ತೋಡಿದ್ದು ನಾನೇ, ವ್ಯಾಯಾಮಕ್ಕಾಗಿ ಅಂದ. ಸಾಲದ್ದಕ್ಕೆ ಹೆಂಡತಿ ಇದ್ದಾಗಲೇ ಬೇರೆ ಹೆಸರಿನಲ್ಲಿ ಇನ್ನೊಂದು ಮದುವೆಯನ್ನೂ ಆಗಿದ್ದ. “ಅಂದ್ರೆ ಅವನೂ ಮಾರ್ಮನ್ನೇ ಅನ್ನಿ” ಎಂದು ಅಕ್ಕ ಕೇಸು ಮುಗಿಸಿದರು.

ನಾಲ್ಕನೇ ಜ್ವರ ಎದ್ದ ಕರಿಬೇವಿನ ಹುಳವನ್ನು ನೋಡಿದರೆ ಇದು ಅದೇ ಹುಳ ಎಂದು ನಂಬುವುದು ಕಷ್ಟ. ಹಿಕ್ಕೆಯ ವೇಷ ಹೋಗಿ ಎಲೆಹಸಿರು ಮೈ, ಎದೆಯ ಮೇಲೆ ಎರಡು ದೊಡ್ಡ ಕಣ್ಣು. ಅವು ಕಣ್ಣಲ್ಲ, ಬರೀ ಚಿತ್ತಾರ. ಅಸಲಿ ತಲೆ ಅದರ ಕೆಳಗೆ ಮುದುರಿಕೊಂಡಿರುತ್ತದೆ. ಬೆರಳಿನಷ್ಟು ಬೆಳೆದ ಮೇಲೆ ಹಿಕ್ಕೆ ಎಂದರೆ ಯಾವ ಹಕ್ಕಿ ನಂಬುತ್ತದೆ? ಅದಕ್ಕೇ ಈ ವಯಸ್ಸಿಗೆ ಹಾವಿನ ವೇಷ. ಜಪಾನಿನ ಇಬ್ಬರು ವಿಜ್ಞಾನಿಗಳು, ಫುತಾಹಾಶಿ ಮತ್ತು ಫುಜಿವಾರ, ಇದೇ ಬಳಗದ ಒಂದು ಹುಳದಲ್ಲಿ ಈ ವೇಷ ಬದಲಾವಣೆಯ ಗುಟ್ಟು ಹುಡುಕಿ 2008ರಲ್ಲಿ ಪ್ರಕಟಿಸಿದರು. ಎಳೆತನವನ್ನು ಕಾಯುವ ಹಾರ್ಮೋನೊಂದು ಹುಳದ ಮೈಯಲ್ಲಿರುತ್ತದೆ. ನಾಲ್ಕನೇ ಹಂತದ ಆರಂಭದಲ್ಲಿ ಅದು ಇಳಿದರೆ ಮುಂದಿನ ಪೊರೆ ಹಸಿರು. ಇಳಿಯುವ ಹೊತ್ತಿಗೆ ಹೊರಗಿನಿಂದ ಅದನ್ನು ಹಚ್ಚಿದರೆ, ಕಡೆಯ ಹಂತಕ್ಕೆ ಬಂದರೂ ಹುಳ ಹಿಕ್ಕೆಯ ವೇಷದಲ್ಲೇ ಉಳಿಯುತ್ತದೆ.

ವೇಷ ನಡೆಯದಿದ್ದರೆ ಇನ್ನೊಂದು ಅಸ್ತ್ರವಿದೆ. ಅಕ್ಕನ ಮೊಮ್ಮಗ ಕಡ್ಡಿಯಿಂದ ಹುಳದ ಬೆನ್ನು ತಟ್ಟಿದ. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಪಟಕ್ಕನೆ ಹೊರಬಂತು, ಜೊತೆಗೆ ಒಂದು ಘಾಟು. ಅಕ್ಕ ಸೆರಗು ಮೂಗಿಗೆ ಹಿಡಿದು, “ಕೊಳೆತ ಕಿತ್ತಳೆ!” ಅಂದರು. ಹಿಕ್ಕೆ ವೇಷದ ಎಳೆಯರ ಕೊಂಬಿನಲ್ಲಿ ಗಿಡದ ಸುಗಂಧದ ಜಾತಿಯ ಟರ್ಪೀನುಗಳು ಹೆಚ್ಚು. ಕಡೆಯ ಹಂತದಲ್ಲಿ ಅವು ಹಿಂದೆ ಸರಿದು ಐಸೊಬ್ಯುಟಿರಿಕ್‌ನಂಥ ಆಮ್ಲಗಳು ಮುಂದೆ ಬರುತ್ತವೆ. ಹಳಸಿದ ಬೆಣ್ಣೆಯ ನಾತ. ಇರುವೆಗಳಿಗೆ ಇದು ಸರಿಯಾದ ಮದ್ದು. ಕಣಜಗಳು ಮಾತ್ರ ಅಷ್ಟಾಗಿ ಕ್ಯಾರೇ ಎನ್ನುವುದಿಲ್ಲ, ಆ ಕಥೆಗೆ ಆಮೇಲೆ ಬರುತ್ತೇನೆ.

ತಿಂದು ತಿಂದು ಸಾಕಾದ ದಿನ ಹುಳ ಹೊಟ್ಟೆಯಲ್ಲಿದ್ದುದನ್ನೆಲ್ಲ ನೀರುನೀರಾಗಿ ಹೊರಹಾಕಿ, ಅಲ್ಲಿಯವರೆಗೆ ಬಿಟ್ಟು ಕದಲದ ಗಿಡವನ್ನು ಬಿಟ್ಟು ಹೊರಡುತ್ತದೆ. ಇದು ಕಾಂಪೌಂಡು ಹತ್ತಿತು, ಇಳಿಯಿತು, ಬಟ್ಟೆ ಒಣಹಾಕುವ ತಂತಿಯವರೆಗೂ ಹೋಗಿ ವಾಪಸು ಬಂತು. ಕಡೆಗೆ ಒಂದು ಕಡ್ಡಿ ಒಪ್ಪಿತು. ಅಲ್ಲಿ ನೂಲಿನ ಸಣ್ಣ ದಿಂಬು ನೇಯ್ದು ಬಾಲವನ್ನು ಅದಕ್ಕೆ ಸಿಕ್ಕಿಸಿತು. ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಂದ ನೂಲು ಬಿಡುತ್ತ, ಸೊಂಟಕ್ಕೆ ಒಂದು ನಡುಕಟ್ಟು ಹಾಕಿಕೊಂಡಿತು. ಇದು ಗೂಡು ಕಟ್ಟುವುದಿಲ್ಲ. ಬರಿಮೈಯಲ್ಲಿ ಒರಗಿ ಕೂತು, ಕಡೆಯ ಪೊರೆ ಕಳಚಿ ಕೋಶವಾಗುತ್ತದೆ. ಹಸಿರು ನಯವಾದ ಕಡ್ಡಿಯಾದರೆ ಸಾಮಾನ್ಯವಾಗಿ ಹಸಿರು ಕೋಶ, ಒರಟು ಒಣಕಡ್ಡಿಯಾದರೆ ಕಂದು.

ಒಳಗೆ ಹುಳ ಸತ್ತು ಚಿಟ್ಟೆ ಹುಟ್ಟುತ್ತದೆ ಎಂದು ನಂಬಿದ್ದ ಯುರೋಪಿಗೆ ಹದಿನೇಳನೇ ಶತಮಾನದಲ್ಲಿ ಯಾನ್ ಸ್ವಾಮರ್‌ಡಾಮ್ ಬೆಳೆದ ಹುಳದ ಚರ್ಮ ಬಿಡಿಸಿ, ಒಳಗೆ ಮಡಚಿಟ್ಟ ರೆಕ್ಕೆಯ ಮೊಳಕೆಯನ್ನು ತೋರಿಸಿದ. ರೆಕ್ಕೆಗೆ ಬೇಕಾದ ಜೀವಕೋಶಗಳ ಗಂಟು ಹುಳದ ಮೈಯಲ್ಲಿ ಎಳವೆಯಿಂದಲೇ ಇರುತ್ತದೆ. ಇದಕ್ಕಿಂತ ನನ್ನ ನಿದ್ದೆಗೆಡಿಸಿದ್ದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರ 2008ರ ಪ್ರಯೋಗ. ಒಂದು ವಾಸನೆ ತೋರಿಸಿ ಸಣ್ಣ ಶಾಕ್ ಕೊಟ್ಟು, ಆ ವಾಸನೆಗೆ ಹೆದರುವುದನ್ನು ಹುಳಗಳಿಗೆ ಕಲಿಸಿದರು. ಕಡೆಯ ಹಂತದಲ್ಲಿ ಪಾಠ ಕಲಿತ ಹುಳಗಳು ಪತಂಗವಾಗಿ ಹೊರಬಂದ ಮೇಲೂ ಬಹಳಷ್ಟು ಆ ವಾಸನೆಯಿಂದ ದೂರ ಸರಿದವು! ಬಾಯಿ, ಕಾಲು, ಕರುಳು ಎಲ್ಲ ಬದಲಾದರೂ ಬಾಲ್ಯದ ಏಟು ಮಾತ್ರ ಉಳಿಯಿತು. “ಮೇಷ್ಟ್ರ ಬೆತ್ತ ಹಾಗೇ ಅಲ್ವಾ” ಅಂದರು ಅಕ್ಕ.

ಈಗ ಕಣಜದ ಕಥೆ. ಎಲ್ಲ ಕೋಶದಿಂದಲೂ ಚಿಟ್ಟೆಯೇ ಬರುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಅಕ್ಕನ ಮೊಮ್ಮಗ ಬಾಟಲಿಯಲ್ಲಿ ಕಾಪಾಡಿದ್ದ ಇನ್ನೊಂದು ಕೋಶ ದಿನೇ ದಿನೇ ಕಪ್ಪಾಗಿ, ಒಂದು ಬೆಳಗ್ಗೆ ಅದರಲ್ಲೊಂದು ಸೂಜಿ ತೂತು, ಬಾಟಲಿಯ ತುಂಬ ಹೊಳೆಯುವ ಪುಟ್ಟ ಕಣಜಗಳು. ಕೋಶ ಇನ್ನೂ ಮೆತ್ತಗಿರುವಾಗಲೇ ತಾಯಿ ಕಣಜ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಒಳಗಿನದನ್ನೆಲ್ಲ ತಿಂದು ಬೆಳೆಯುತ್ತವೆ. ಹುಡುಗ ಅತ್ತ. ಸಮಾಧಾನ ಮಾಡಲು ಹೋಗಿ ನಾನು, ಅವೂ ಹುಳದ ಮರಿಗಳೇ ಕಣೋ, ಅವಕ್ಕೂ ಹಸಿವಿಲ್ಲವೇ ಅಂದೆ. ಅಳು ಜೋರಾಯಿತು.

ತಂತಿಯವರೆಗೂ ಹೋಗಿಬಂದಿದ್ದ ನಮ್ಮ ಹುಳ ಮಾತ್ರ ಎರಡು ವಾರದೊಳಗೆ ಚಿಟ್ಟೆಯಾಗಿ ಎದ್ದಿತು. ರೆಕ್ಕೆ ಒಣಗುವವರೆಗೂ ನೇತಾಡಿ ಹಾರಿತು. ಬೀದಿಯವರು ಫೋಟೋ ತೆಗೆದುಕೊಂಡರು. ನನಗೇನೋ ಚಿಟ್ಟೆ ಸ್ವಲ್ಪ ಸಪ್ಪೆ ಅನ್ನಿಸಿತು. ಹೂವಿನಿಂದ ಹೂವಿಗೆ ಹೋಗಿ ಸಕ್ಕರೆ ನೀರು ಹೀರುವುದು, ಜೋಡಿ ಹುಡುಕುವುದು, ಮುಗಿಯಿತು. ವೇಷ ಹಾಕಿದ್ದು, ಕೊಂಬು ಬೀಸಿದ್ದು, ನಾಲ್ಕು ಜ್ವರ ಗೆದ್ದದ್ದು, ಆ ರೆಕ್ಕೆಗೆ ಬೇಕಾದ ಪ್ರತಿ ಗುಲಗಂಜಿ ತೂಕವನ್ನೂ ದುಡಿದಿಟ್ಟದ್ದು ಹುಳ. ಚಿಟ್ಟೆ ಕೂತು ಉಣ್ಣುವ ವಾರಸುದಾರ.

ಆದ್ದರಿಂದ ಕರಿಬೇವಿದ್ದವರಲ್ಲಿ ಒಂದು ವಿನಂತಿ. ನೆಲದಲ್ಲಿ ಬೇರೂರಿದ ಗಿಡವಾದರೆ ಹುಳ ತಿಂದ ರೆಂಬೆ ಮಳೆ ಬಿದ್ದಾಗ ತಾನೇ ಚಿಗುರುತ್ತದೆ, ಸುಮ್ಮನೆ ಬಿಡಿ. ಕುಂಡದ ಪುಟ್ಟ ಗಿಡ ಬೋಳಾಗುತ್ತಿದ್ದರೆ ಹುಳವನ್ನು ಎಲೆ ಸಮೇತ ಎತ್ತಿ ನಿಂಬೆ, ಕಿತ್ತಳೆ, ಚಕ್ಕೋತದ ಗಿಡಕ್ಕೆ ದಾಟಿಸಿ. ಬೇವಿನ ಮರಕ್ಕೆ ಬಿಟ್ಟರೆ ಉಪವಾಸ ಸಾಯುತ್ತದೆ. ಔಷಧಿಯಂತೂ ಹೊಡೆಯಲೇಬೇಡಿ, ಆ ಎಲೆ ನಾಳೆ ನಿಮ್ಮ ಸಾರಿಗೇ ಬೀಳುವುದು. ದಾಟಿಸುವ ನಿಂಬೆ ಗಿಡ ಪಕ್ಕದ ಮನೆಯವರದಾಗಿದ್ದರೆ ಮೊದಲು ಒಂದು ಮಾತು ಕೇಳಿಬಿಡಿ.